ಎರಡನೇ ಗೇರಿನ ಮುನಿಸು: ಹಳೆಯ ಎಂಎಕ್ಸ್-5ರ ಗೇರ್ ಲಿವರ್ ದೋಷವನ್ನು ಪತ್ತೆ ಹಚ್ಚುವ ಬಗೆ

ಕಳೆದ ಚಳಿಗಾಲದಲ್ಲಿ ನನ್ನ ಕಾರು ರಿವರ್ಸ್ ಹಾಕಿದಾಗಲೆಲ್ಲ ಕರ್ರ್ ಎಂದು ಹಲ್ಲು ಕಡಿಯತೊಡಗಿತು. ಬೆಳಗಿನ ಹೊತ್ತು ಎರಡನೇ ಗೇರ್ ಒಳಗೆ ಹೋಗಲು ಒಪ್ಪುತ್ತಲೇ ಇರಲಿಲ್ಲ. ಬಿಸಿಯಾದ ಮೇಲೆ ಹೋಗುತ್ತಿತ್ತು, ಆದರೆ ಲಿವರ್ ಎಲ್ಲಿ ಕೂತಿತು ಎಂಬುದು ಕೈಗೆ ತಿಳಿಯುತ್ತಿರಲಿಲ್ಲ. ಎಸರಿನಲ್ಲಿ ಬೆಂದ ಮುದ್ದೆಯ ಹಿಟ್ಟನ್ನು ಕೋಲಿನಿಂದ ತೊಳಸಿದ ಹಾಗಿತ್ತು. ನಾನಿರುವುದು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ. ಇಲ್ಲಿನ ಒಂದು ಗ್ಯಾರೇಜಿಗೆ ತೋರಿಸಿದೆ. ಐದು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಹೋಗಿದೆ, ಬೇರೆಯದನ್ನು ಕೂರಿಸಬೇಕು ಎಂದರು.

ಹೋಗಿರಲಿಲ್ಲ. ಮೂರು ಬೇರೆ ಬೇರೆ ತೊಂದರೆಗಳು ಒಂದೇ ಲಿವರಿನಲ್ಲಿ ಬಂದು ಸೇರಿಕೊಂಡಿದ್ದವು. ಅವುಗಳಲ್ಲಿ ಎರಡಕ್ಕೆ ಗೇರ್‌ಬಾಕ್ಸಿನ ಹಲ್ಲುಚಕ್ರಗಳೊಂದಿಗೆ ಸಂಬಂಧವೇ ಇರಲಿಲ್ಲ. ಗೇರ್ ಸರಿಯಾಗಿ ಬೀಳದಿದ್ದರೆ ದೋಷ ಗೇರ್‌ಬಾಕ್ಸಿನದ್ದೇ ಎಂದುಕೊಳ್ಳುವುದು ಎಷ್ಟು ಸಹಜವೋ ಅಷ್ಟೇ ದುಬಾರಿ ತಪ್ಪು. ಕ್ಲಚ್, ಲಿವರ್ ಕೂರುವ ಗೂಡು, ಎಣ್ಣೆ, ಎಂಜಿನ್ನನ್ನು ಹೊತ್ತ ರಬ್ಬರು, ಗೇರ್ ಬೀಳುವ ಮೊದಲು ಒಳಗಿನ ವೇಗಗಳನ್ನು ಸಮ ಮಾಡುವ ಸಿಂಕ್ರೊ ಉಂಗುರ, ಕೊನೆಗೆ ಓಡಿಸುವವರ ಕೈ ಕೂಡ ತಮ್ಮ ದೂರನ್ನು ಲಿವರಿನ ಮೇಲ್ತುದಿಯ ಆ ಒಂದು ಹಿಡಿಗುಂಡಿನ ಮೂಲಕವೇ ಹೇಳುತ್ತವೆ. ಯಾವ ದೂರು ಯಾರದ್ದು ಎಂದು ಬೇರ್ಪಡಿಸುವುದೇ ಇಲ್ಲಿನ ಕೆಲಸ. ಅದಕ್ಕೆ ದೊಡ್ಡ ಉಪಕರಣಗಳು ಬೇಕಿಲ್ಲ, ತಾಳ್ಮೆ ಬೇಕು.

ಯಾವ ಕಾರಿನ ಮಾತು

ಇಲ್ಲಿ ಹೇಳುವುದೆಲ್ಲ ಮಾಜ್ದಾ ಎಂಎಕ್ಸ್-5ರ ಮೊದಲ ಎರಡು ತಲೆಮಾರುಗಳ ಐದು ಗೇರಿನ ಬಾಕ್ಸಿಗೆ ಅನ್ವಯಿಸುತ್ತದೆ. 1989ರ ಫೆಬ್ರವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಆಸನದ ಕಾರನ್ನು ಅಮೆರಿಕದಲ್ಲಿ ಮಿಯಾಟಾ ಎಂದರು, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು ಮಾರಿದರು. ಮೊದಲ ತಲೆಮಾರು 1997ರವರೆಗೆ ನಡೆಯಿತು, ಎರಡನೆಯದು 2005ರವರೆಗೆ. ನನ್ನದು 1997ರ 1.8 ಲೀಟರಿನ ಕಾರು. ಎರಡನೇ ತಲೆಮಾರಿನ ಕೆಲವು ಕಾರುಗಳಲ್ಲಿ ಆರು ಗೇರಿನ ಬಾಕ್ಸ್ ಕೂಡ ಬಂತು. ಅದರ ಒಳಗಿನ ರಚನೆಯೇ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಈ ಕಾರಿನ ಲಿವರಿಗೆ ಅಷ್ಟು ಹೆಸರು ಏಕೆ ಬಂತು ಎಂದು ತಿಳಿದರೆ ಅದು ಏಕೆ ಕೆಡುತ್ತದೆ ಎಂಬುದೂ ತಿಳಿಯುತ್ತದೆ. ಮುಂದಿನ ಚಕ್ರಗಳು ಎಳೆಯುವ ಸಾಮಾನ್ಯ ಕಾರುಗಳಲ್ಲಿ ಗೇರ್‌ಬಾಕ್ಸ್ ಬಾನೆಟ್ಟಿನ ಕೆಳಗೆ ಅಡ್ಡಲಾಗಿ ಇರುತ್ತದೆ. ಲಿವರಿನ ಮಾತು ಉದ್ದನೆಯ ಕೇಬಲ್ಲುಗಳ ಮೂಲಕ ಅಲ್ಲಿಗೆ ತಲುಪಬೇಕು. ಎಂಎಕ್ಸ್-5ರಲ್ಲಿ ಬಾಕ್ಸ್ ಉದ್ದುದ್ದ, ಎರಡು ಆಸನಗಳ ನಡುವೆ ಮಲಗಿದೆ. ಲಿವರ್ ಅದರ ನೆತ್ತಿಯ ಮೇಲೆಯೇ ಕೂರುತ್ತದೆ. ನಡುವೆ ಕೇಬಲ್ಲಿಲ್ಲ, ಮಧ್ಯವರ್ತಿಯಿಲ್ಲ. ಎಲ್ಲವೂ ಸರಿಯಿದ್ದಾಗ ಹಳೆಯ ತೊಟ್ಟಿಮನೆಯ ಹಿತ್ತಾಳೆ ಚಿಲಕ ಜಾರಿ ತನ್ನ ಜಾಗದಲ್ಲಿ ಕೂತ ಹಾಗೆ ಟಕ್ಕೆಂದು ಬೀಳುತ್ತದೆ. ಕುದುರೆಯೂ ಸವಾರನೂ ಒಂದೇ ದೇಹವಾಗುವುದು ಎಂಬ ಅರ್ಥದ ‘ಜಿಂಬಾ ಇತ್ತಾಯ್’ ಎಂಬ ಮಾತನ್ನು ಹಿರೋಷಿಮಾದ ಆ ಎಂಜಿನಿಯರುಗಳು ಈ ಕಾರಿನ ಗುರಿಯಾಗಿ ಇಟ್ಟುಕೊಂಡಿದ್ದರು. ಲಿವರ್ ಸರಿಯಿರುವ ದಿನ ಅದು ಬರಿಯ ಘೋಷಣೆ ಅನ್ನಿಸುವುದಿಲ್ಲ. ಆದರೆ ಮಧ್ಯವರ್ತಿ ಇಲ್ಲ ಎಂದರೆ ಒಳಗಿನ ಒಂದೊಂದು ಸವೆತವೂ ನೇರವಾಗಿ ಅಂಗೈಗೆ ಬರುತ್ತದೆ. ಕಾಲು ಶತಮಾನ ಕಳೆದ ರಬ್ಬರು, ನೈಲಾನುಗಳು ಸವೆಯದೆ ಇರಲಾರವು.

ಮೊದಲು ಪುಸ್ತಕ, ಆಮೇಲೆ ಸ್ಪ್ಯಾನರ್

ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಂಡು ಮೂರು ದಿನ ಎಂದಿನಂತೆ ಓಡಿಸಿ. ಯಾವ ಗೇರ್, ಏರುವಾಗಲೋ ಇಳಿಯುವಾಗಲೋ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಸದ್ದು ಬಂತೋ ಬರಿಯ ತಡೆಯೋ, ಇಷ್ಟನ್ನು ಬರೆಯಿರಿ. ಸದ್ದಿಗೂ ತಡೆಗೂ ಇರುವ ವ್ಯತ್ಯಾಸ ಬಹಳ ಮುಖ್ಯ. ಕರ್ರ್ ಎಂದರೆ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಹಲ್ಲುಗಳು ಒಂದಕ್ಕೊಂದು ತಾಗುತ್ತಿವೆ. ಸದ್ದಿಲ್ಲದ ಗಟ್ಟಿ ತಡೆಯಾದರೆ ಸಿಂಕ್ರೊ ಉಂಗುರ ಇನ್ನೂ ತನ್ನ ಕೆಲಸ ಮುಗಿಸಿಲ್ಲ, ಅಥವಾ ಎಲ್ಲೋ ಒಣ ಲೋಹ ಲೋಹಕ್ಕೆ ಉಜ್ಜುತ್ತಿದೆ. ಲಿವರ್ ಗೇರಿನಲ್ಲಿದ್ದರೂ ಅತ್ತಿತ್ತ ತೂಗಾಡುತ್ತದೆ ಎಂದರೆ ಅದರ ಕೆಳತುದಿಯ ಬುಷ್, ಅಂದರೆ ನೈಲಾನಿನ ಪುಟ್ಟ ಹೊದಿಕೆ, ಸವೆದಿದೆ. ನನ್ನ ಪುಸ್ತಕದಲ್ಲಿ ಈ ಮೂರೂ ಇದ್ದವು, ಮೂರನ್ನೂ ಒಂದೇ ಕಾಯಿಲೆ ಎಂದು ತಿಳಿದದ್ದೇ ನನ್ನ ಮೊದಲ ತಪ್ಪು.

ಆಮೇಲೆ ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಉತ್ತರಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಒತ್ತಿ ಲಿವರನ್ನು ನಿಧಾನವಾಗಿ ಎಲ್ಲ ಗೇರುಗಳಿಗೂ ಹಾಕಿ ತೆಗೆಯಿರಿ. ಈಗ ಒಳಗೆ ಏನೂ ತಿರುಗುತ್ತಿಲ್ಲ. ಒಮ್ಮೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ತಡೆಯಬಹುದು. ಕ್ಲಚ್ ಬಿಟ್ಟು ಮತ್ತೆ ಒತ್ತಿದರೆ ಸರಿಹೋಗುತ್ತದೆ, ಅದು ದೋಷವಲ್ಲ. ಆದರೆ ಎಲ್ಲ ಗೇರುಗಳಲ್ಲೂ ಒರಟು, ಕೊರಕೊರ ಅನ್ನುವ ಬಿಗಿತ ಇದ್ದರೆ ತೊಂದರೆ ಲಿವರಿನ ಗೂಡಿನಲ್ಲಿದೆ. ಈಗ ಬೆಣ್ಣೆಯಂತೆ ಜಾರಿ, ಎಂಜಿನ್ ಚಾಲೂ ಆದೊಡನೆ ಮುನಿಸಿಕೊಂಡರೆ ಗೂಡಿನದ್ದು ತಪ್ಪಿಲ್ಲ. ಕ್ಲಚ್ಚನ್ನೋ ಸಿಂಕ್ರೊವನ್ನೋ ಅನುಮಾನಿಸಿ.

ಎರಡನೆಯದಾಗಿ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಕ್ಲಚ್ಚನ್ನು ನೆಲದವರೆಗೆ ಒತ್ತಿ, ಮನಸ್ಸಿನಲ್ಲಿ ಐದು ಎಣಿಸಿ ರಿವರ್ಸ್ ಹಾಕಿ. ಕ್ಲಚ್ ಪೂರ್ತಿ ಬಿಡಿಸಿಕೊಂಡಿದ್ದರೆ ಅಷ್ಟು ಹೊತ್ತಿಗೆ ಗೇರ್‌ಬಾಕ್ಸಿನ ಒಳಶಾಫ್ಟ್ ನಿಂತಿರಬೇಕು, ಸದ್ದು ಬರಬಾರದು. ಐದು ಎಣಿಸಿದ ಮೇಲೂ ಕರ್ರ್ ಎಂದರೆ ಎಂಜಿನ್ ಇನ್ನೂ ಆ ಶಾಫ್ಟನ್ನು ಎಳೆದು ತಿರುಗಿಸುತ್ತಿದೆ. ಈಗ ಪೆಡಲನ್ನು ಬೇಗ ಬೇಗ ನಾಲ್ಕು ಸಲ ತುಳಿದು, ಕೊನೆಯ ಸಲ ಒತ್ತಿ ಹಿಡಿದು ಮತ್ತೆ ರಿವರ್ಸ್ ಹಾಕಿ. ಈ ಸಲ ಸದ್ದಿಲ್ಲದೆ ಬಿದ್ದರೆ ಅಲ್ಲಿಗೆ ದೋಷ ಸಿಕ್ಕಿತು: ದ್ರವದ ಒತ್ತಡದಿಂದ ಕ್ಲಚ್ಚನ್ನು ನಡೆಸುವ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಗಾಳಿ ಸೇರಿದೆ ಅಥವಾ ದ್ರವ ಸೋರುತ್ತಿದೆ. ನನ್ನ ಕಾರು ಇಲ್ಲೇ ಸಿಕ್ಕಿಬಿದ್ದಿತು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಗೇರ್‌ಬಾಕ್ಸ್ ಬದಲಿಸಬೇಕೆಂದವರು ಇದನ್ನು ಮಾಡಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಮೂರನೆಯದು ಡಬಲ್ ಕ್ಲಚ್. ನಮ್ಮ ಸೋದರಮಾವ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದರು. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು, ಮತ್ತೆ ಒತ್ತಿ ಗೇರ್. ಅವರ ಎಡಗಾಲು ತಾಳ ಹಾಕಿದ ಹಾಗೆ ಆಡುತ್ತಿತ್ತು. ಚಿಕ್ಕವನಾಗಿದ್ದಾಗ “ಯಾಕೆ ಮಾವ, ಎರಡೆರಡು ಸಲ ತುಳಿಯುತ್ತೀರಿ?” ಎಂದು ಕೇಳಿದ್ದಕ್ಕೆ, “ಒಳಗಿನ ಎರಡು ಚಕ್ರಕ್ಕೂ ಮೊದಲು ಮಾತುಕತೆ ಆಗಬೇಕಪ್ಪ, ಆಮೇಲೆ ಕೈ ಹಿಡಿಯುತ್ತವೆ” ಎಂದಿದ್ದರು. ಸಿಂಕ್ರೊ ಇಲ್ಲದ ಗೇರುಗಳ ಕಾಲದ ಆ ವಿದ್ಯೆ ಇವತ್ತು ದೋಷ ಪತ್ತೆಗೆ ಒದಗುತ್ತದೆ. ಎರಡರಿಂದ ಮೂರಕ್ಕೆ ಏರುವಾಗ ಸದ್ದು ಬರುತ್ತಿದ್ದರೆ ಅದೇ ವೇಗದಲ್ಲಿ ಡಬಲ್ ಕ್ಲಚ್ ಮಾಡಿ ಏರಿಸಿ. ಒಂದೇ ಗೇರಿನಲ್ಲಿ ಸದ್ದಿತ್ತು, ಡಬಲ್ ಕ್ಲಚ್ಚಿನಿಂದ ಹೋಯಿತು ಎಂದರೆ ಆ ಗೇರಿನ ಸಿಂಕ್ರೊ ಉಂಗುರ ಸವೆದಿದೆ. ಎಲ್ಲ ಗೇರುಗಳಲ್ಲೂ ತಡೆಯಿದ್ದರೆ ಉಂಗುರಗಳೆಲ್ಲ ಒಟ್ಟಿಗೆ ಸವೆಯುವುದು ಅಪರೂಪ. ಕ್ಲಚ್ಚಿನ ಕಡೆಗೇ ಹಿಂತಿರುಗಿ.

ಕೊನೆಯದನ್ನು ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತು ನೋಡಬೇಕು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಥಟ್ಟನೆ ಬಿಡಲಿ. ಲಿವರ್ ತಾನಾಗಿ ಹಿಂದೆ ಮುಂದೆ ಎಗರಿದರೆ ಎಂಜಿನ್ ಮೌಂಟುಗಳ, ಅಂದರೆ ಎಂಜಿನ್ನನ್ನು ಹೊತ್ತ ರಬ್ಬರುಗಳ ಕಡೆ ಗಮನ ಹರಿಸಬೇಕು. ಅದರ ಮಾತು ಮುಂದೆ ಬರುತ್ತದೆ.

ಕ್ಲಚ್ ಬಿಡಿಸಿಕೊಳ್ಳದಿದ್ದರೆ

ಎಲ್ಲಕ್ಕಿಂತ ಮೊದಲು ಕಾಲಡಿಯ ಮ್ಯಾಟ್ ತೆಗೆದು ನೋಡಿ. ಮಳೆಗಾಲಕ್ಕೆಂದು ದಪ್ಪ ರಬ್ಬರ್ ಮ್ಯಾಟನ್ನು ಹಳೆಯದರ ಮೇಲೆಯೇ ಹಾಸಿದರೆ ಪೆಡಲ್ ನೆಲ ಮುಟ್ಟುವ ಮೊದಲೇ ನಿಲ್ಲುತ್ತದೆ. ಕ್ಲಚ್ ಪೂರ್ತಿ ಬಿಡಲು ಆ ಕೊನೆಯ ಒಂದಿಷ್ಟು ಚಲನೆಯೇ ಬೇಕಾಗಿರುತ್ತದೆ. ಬಾನೆಟ್ ತೆರೆದು ಕ್ಲಚ್ ದ್ರವದ ಪುಟ್ಟ ಡಬ್ಬಿಯನ್ನು ನೋಡಿ. ಈ ಕಾರಿನಲ್ಲಿ ಅದು ಬ್ರೇಕಿನ ಡಬ್ಬಿಯಿಂದ ಬೇರೆಯಾಗಿದೆ. ಮಟ್ಟ ಇಳಿದಿದ್ದರೆ ಅಥವಾ ದ್ರವ ಕಪ್ಪಾಗಿದ್ದರೆ ಕಾರಿನ ಕೆಳಗೆ ಇಳಿಯುವ ಸಮಯ ಬಂತು ಎಂದರ್ಥ.

ಕಾರನ್ನು ಎತ್ತುವಾಗ ಜಾಕ್ ಒಂದನ್ನೇ ನಂಬಿ ಎಂದಿಗೂ ಕೆಳಗೆ ಹೋಗಬೇಡಿ. ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಕಾರನ್ನು ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ತೂರಿ.

ಗೇರ್‌ಬಾಕ್ಸಿನ ಮುಂಭಾಗದ ಗಂಟೆಯಾಕಾರದ ಕವಚದ ಮಗ್ಗುಲಿಗೆ ಬೆರಳುದ್ದದ ಸ್ಲೇವ್ ಸಿಲಿಂಡರ್ ಇದೆ. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ಚಿನ ಫೋರ್ಕನ್ನು ತಳ್ಳುವುದು ಇದೇ. ಅದರ ತುದಿಯ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಸರಿ. ನಾನು ಎತ್ತಿದಾಗ ಚಮಚದಷ್ಟು ಕಪ್ಪು ದ್ರವ ಮಣಿಕಟ್ಟಿನ ಮೇಲೆ ಸುರಿಯಿತು. ಒಳಗಿನ ರಬ್ಬರ್ ಸೀಲ್ ವಯಸ್ಸಾಗಿ ಸೋಲುವುದು ಈ ಕಾರುಗಳಲ್ಲಿ ಎಷ್ಟು ಸಾಮಾನ್ಯ ಎಂದರೆ, ರಿವರ್ಸಿನಲ್ಲಿ ಸದ್ದು ಎಂದು ಯಾರಾದರೂ ಹೇಳಿದರೆ ನಾನು ಈಗ ಮೊದಲು ಕೇಳುವುದು ಈ ಟೋಪಿಯ ವಿಷಯವನ್ನೇ. ಕಾರಿನ ಒಳಗೆ ಪೆಡಲಿನ ಹಿಂದಿನ ಗೋಡೆಯನ್ನೂ ಬೆರಳಿನಿಂದ ಸವರಿ ನೋಡಿ. ಅಲ್ಲಿ ತೇವವಿದ್ದರೆ, ಪೆಡಲ್ ಒತ್ತಿದಾಗ ದ್ರವವನ್ನು ಸ್ಲೇವಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ.

ಬದಲಿಸುವುದು ಕಷ್ಟವಲ್ಲ. ಪೈಪಿನ ನಟ್ಟಿಗೆ ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ, ಪೈಪಿನ ನಟ್ಟಿಗೆಂದೇ ಇರುವ, ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಬಳಸಿ. ಸ್ಲೇವ್ ಬಿಚ್ಚಿ ನೇತಾಡುತ್ತಿರುವಾಗ ಪೆಡಲ್ ಮುಟ್ಟಬೇಡಿ, ಪಿಸ್ಟನ್ ಹೊರಗೆ ಚಿಮ್ಮುತ್ತದೆ. ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ದ್ರವ ಸರಿ. ಸಿಲಿಕೋನ್ ಆಧಾರದ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ, ಹಾಕಬೇಡಿ. ದ್ರವ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಗಾಳಿ ತೆಗೆಯಲು ಇಬ್ಬರು ಬೇಕು. ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿನವರು ಸ್ಲೇವಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿಯಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ನನ್ನ ಹೆಂಡತಿ ಕಾರಿನಲ್ಲಿ ಕೂತು “ಒತ್ತಿದೆ”, “ಬಿಟ್ಟೆ” ಎಂದು ಹೇಳುತ್ತಾ ಇಪ್ಪತ್ತು ನಿಮಿಷ ಸಹಕರಿಸಿದಳು. ನಡುವೆ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮತ್ತೆ ಮೊದಲಿಂದ.

ಹೊಸ ಸ್ಲೇವ್ ಹಾಕಿ ಕೆಲವೇ ವಾರಗಳಲ್ಲಿ ಹಳೆಯ ಮಾಸ್ಟರ್ ಸೋಲುವುದನ್ನು ಪರಿಚಿತರ ಕಾರುಗಳಲ್ಲಿ ಕಂಡಿದ್ದೇನೆ. ಎರಡೂ ಒಂದೇ ವಯಸ್ಸಿನವು. ಕೈಯಲ್ಲಿ ಹಣವಿದ್ದರೆ ಎರಡನ್ನೂ ಬದಲಿಸಿ, ಮಧ್ಯದ ರಬ್ಬರ್ ಮೆತುನಳಿಕೆಯನ್ನೂ ಸೇರಿಸಿ. ಹಳೆಯ ರಬ್ಬರ್ ಒತ್ತಡಕ್ಕೆ ಉಬ್ಬುತ್ತದೆ. ಪೆಡಲಿನ ಶ್ರಮದಲ್ಲಿ ಒಂದು ಪಾಲು ಆ ಉಬ್ಬಿಗೇ ಹೋಗುತ್ತದೆ.

ಹೈಡ್ರಾಲಿಕ್ ಎಲ್ಲ ಸರಿಯಿದ್ದೂ ಕ್ಲಚ್ ಎಳೆಯುತ್ತಲೇ ಇದ್ದರೆ ಗೇರ್‌ಬಾಕ್ಸಿನ ಒಳಶಾಫ್ಟಿನ ಮುಂತುದಿಯನ್ನು ಹೊರುವ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬಹುದು, ಅಥವಾ ಕ್ಲಚ್ ತಟ್ಟೆ ಶಾಫ್ಟಿನ ಮೇಲೆ ತುಕ್ಕಿನಿಂದ ಸಲೀಸಾಗಿ ಜಾರದೆ ಇರಬಹುದು. ಇವೆರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು. ಹೇಗೂ ಕ್ಲಚ್ ಬದಲಿಸುವ ಕಾಲ ಬಂದಾಗ ನೋಡಿದರಾಯಿತು.

ಲಿವರಿನ ಗೂಡು

ಸ್ಲೇವ್ ಬದಲಿಸಿದ ದಿನವೇ ರಿವರ್ಸಿನ ಸದ್ದು ನಿಂತಿತು. ಮುದ್ದೆ ತೊಳಸುವ ಅನುಭವ ಮಾತ್ರ ಹಾಗೆಯೇ ಉಳಿಯಿತು. ಎಂಜಿನ್ ನಿಲ್ಲಿಸಿ ಮಾಡಿದ ಪರೀಕ್ಷೆಯಲ್ಲಿ ಒರಟುತನ ಸಿಕ್ಕಿದ್ದರಿಂದ ಮುಂದಿನ ಜಾಗ ಯಾವುದೆಂದು ಪುಸ್ತಕವೇ ಹೇಳಿತು.

ಈ ಐದು ಗೇರಿನ ಬಾಕ್ಸಿನ ಒಂದು ವಿಶೇಷವನ್ನು ಹಲವು ಮಾಲೀಕರೂ ಅರಿತಿರುವುದಿಲ್ಲ. ಲಿವರ್ ಕೂರುವ ಗೂಡಿನಲ್ಲಿ ತನ್ನದೇ ಪ್ರತ್ಯೇಕ ಎಣ್ಣೆ ಇದೆ, ಸುಮಾರು 90 ಮಿಲಿಲೀಟರ್. ಗೇರ್‌ಬಾಕ್ಸಿನ ಎಣ್ಣೆಯನ್ನು ಎಷ್ಟು ಸಲ ಬದಲಿಸಿದರೂ ಈ ಗೂಡಿಗೆ ಒಂದು ಹನಿಯೂ ಬರುವುದಿಲ್ಲ. ಗೂಡನ್ನು ಮುಚ್ಚುವ ಚಿಕ್ಕ ರಬ್ಬರ್ ಹೊದಿಕೆ ಕೆಳಗಿನ ಬಿಸಿಗೆ ಬಿರುಕು ಬಿಟ್ಟು ಹರಿಯುತ್ತದೆ. ಎಣ್ಣೆ ವರ್ಷಗಳ ಕಾಲ ಆವಿಯಾಗಿ, ಸಿಡಿದು ಹೋಗುತ್ತದೆ. ಚಾಲಕನ ಮೊಣಕಾಲಿನ ಬಳಿ ಬೇಸಿಗೆಯಲ್ಲಿ ಬಿಸಿಗಾಳಿ ಬೀಸಿದರೆ, ಕಾರಿನೊಳಗೆ ಗೇರ್‌ಬಾಕ್ಸಿನ ಗುಂಯ್‌ ಎಂಬ ಸದ್ದು ಹೆಚ್ಚಾದರೆ ಆ ಹೊದಿಕೆ ಹರಿದಿದೆ ಎಂದೇ ತಿಳಿಯಿರಿ.

ಇದಕ್ಕೆ ಕಾರಿನ ಕೆಳಗೆ ಹೋಗಬೇಕಿಲ್ಲ, ಎಲ್ಲವೂ ಮೇಲಿನಿಂದಲೇ. ನ್ಯೂಟ್ರಲ್ಲಿಗೆ ಹಾಕಿ ಗುಂಡನ್ನು ತಿರುಗಿಸಿ ತೆಗೆಯಿರಿ. ನಡುವಿನ ಕನ್ಸೋಲಿನ ಸ್ಕ್ರೂಗಳನ್ನು ಬಿಚ್ಚಿ ಎತ್ತಿ. ಕೆಳಗೆ ದೊಡ್ಡ ರಬ್ಬರ್ ಹೊದಿಕೆ ನಾಲ್ಕು ಬೋಲ್ಟುಗಳಲ್ಲಿ ಕೂತಿರುತ್ತದೆ. ಅದನ್ನು ತೆಗೆಯುವ ಮೊದಲು ಸುತ್ತಲ ಧೂಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಂದು ಮರಳಿನ ಕಣ ಒಳಗೆ ಬಿದ್ದರೆ ನಾವೇ ಹೊಸ ದೋಷ ಹುಟ್ಟಿಸಿದಂತೆ. ಅದರ ಕೆಳಗೆ ಚಿಕ್ಕ ಹೊದಿಕೆ, ಮತ್ತು ಲಿವರನ್ನು ಹಿಡಿದ ಮೂರು ಬೋಲ್ಟುಗಳು. ಬಿಚ್ಚಿ ಲಿವರನ್ನು ನೇರವಾಗಿ ಮೇಲಕ್ಕೆ ಎತ್ತಿದರೆ ಕೈಗೆ ಬರುತ್ತದೆ.

ಲಿವರಿನ ಕೆಳತುದಿಯ ಗುಂಡಿನ ಮೇಲೆ ನೈಲಾನ್ ಬುಷ್ ಇರಬೇಕು, ಹೆಬ್ಬೆರಳಿನ ತುದಿಯಷ್ಟು. ನನ್ನದರಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ ಮೂರು ಚೂರಾಗಿತ್ತು. ಒಂದು ಚೂರು ಲಿವರಿನಲ್ಲಿ, ಎರಡು ಗೂಡಿನ ತಳದಲ್ಲಿ. ಚೂರುಗಳನ್ನು ಜೋಡಿಸಿ ಲೆಕ್ಕ ಹಾಕಿ. ಒಂದೂ ಒಳಗೆ ಉಳಿಯಬಾರದು. ತಳದಲ್ಲಿ ಎಣ್ಣೆಯ ಬದಲು ಡಾಂಬರಿನಂಥ ಕಪ್ಪು ಗಸಿ ಇತ್ತು. ಸಿರಿಂಜಿನಿಂದ ಹೀರಿ, ಉಳಿದದ್ದನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿದೆ. ಹೊಸ ಬುಷ್ಷನ್ನು ಗುಂಡಿನ ಮೇಲೆ ಒತ್ತಿ ಕೂರಿಸಿ, ಮೇಲಿನ ಅಲೆಯಾಕಾರದ ಸ್ಪ್ರಿಂಗ್ ವಾಷರಿಗೆ ತೆಳುವಾಗಿ ಗ್ರೀಸ್ ಸವರಿ. ಈ ವಾಷರ್ ದಣಿದಿದ್ದರೆ ಕೆಲವು ವೇಗಗಳಲ್ಲಿ ಲಿವರ್ ಝೇಂಕರಿಸುತ್ತದೆ, ಬುಷ್ ಜೊತೆಗೇ ಬದಲಿಸಿಬಿಡಿ. ಗೂಡಿಗೆ ಹೊಸ ಗೇರ್ ಆಯಿಲನ್ನು ಅಳೆದು ಹಾಕಿ, ಎರಡೂ ಹೊದಿಕೆಗಳನ್ನು ಹೊಸದಾಗಿಯೇ ಹಾಕಿ ಮುಚ್ಚಿ. ಹಳೆಯ ಹೊದಿಕೆಗೆ ಅಂಟು ಹಚ್ಚಿ ತೇಪೆ ಹಾಕುವ ಉಳಿತಾಯ ಬೇಡ.

ಗುಂಡನ್ನು ಮತ್ತೆ ತಿರುಗಿಸಿ ಕೂರಿಸಿ, ಎಂಜಿನ್ ಚಾಲೂ ಮಾಡದೆಯೇ ಒಂದು, ಎರಡು, ಮೂರು ಎಂದು ಹಾಕುತ್ತಾ ಹೋದೆ. ಚಿಲಕ ಬಿದ್ದ ಸದ್ದು. ಗ್ಯಾರೇಜಿನ ಮಂದ ಬೆಳಕಿನಲ್ಲಿ, ತಣ್ಣಗಿನ ಕಾರಿನಲ್ಲಿ ಕೂತು ಹತ್ತು ನಿಮಿಷ ಸುಮ್ಮನೆ ಗೇರ್ ಬದಲಿಸುತ್ತಿದ್ದೆ. ಈ ಕಾರಿನ ಮೇಲೆ ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಬೇರೊಂದಿಲ್ಲ. ಐದು ಗೇರಿನ ಎಂಎಕ್ಸ್-5 ಕೊಂಡವರು, ದೂರು ಇರಲಿ ಬಿಡಲಿ, ಮೊದಲ ತಿಂಗಳಲ್ಲೇ ಇದನ್ನು ಮಾಡಬೇಕೆಂದು ನನ್ನ ಖಚಿತ ಅಭಿಪ್ರಾಯ.

ಎಣ್ಣೆ, ಮತ್ತು ಎರಡನೇ ಗೇರಿನ ಲೆಕ್ಕ

ಬಾಕ್ಸಿನ ಎಣ್ಣೆ 2 ಲೀಟರ್, 75ಡಬ್ಲ್ಯು-90 ದರ್ಜೆಯದ್ದು. ಗೇರ್ ಎಣ್ಣೆಯ ಗುಣದ ವರ್ಗಗಳಲ್ಲಿ ಜಿಎಲ್-4 ಹಾಕಬೇಕೋ ಜಿಎಲ್-5 ಹಾಕಬೇಕೋ ಎಂಬುದು ಮುಗಿಯದ ಚರ್ಚೆ. ಮಾಲೀಕರ ಕೈಪಿಡಿ ಎರಡಕ್ಕೂ ಒಪ್ಪುತ್ತದೆ. ನಾನು ಜಿಎಲ್-4 ಹಾಕುತ್ತೇನೆ. ಜಿಎಲ್-5ರಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಭಾರಿ ಒತ್ತಡಕ್ಕೆಂದು ಸೇರಿಸುವ ಗಂಧಕ, ರಂಜಕದ ಅಂಶಗಳು ಹೆಚ್ಚು. ಕೆಲವು ಬಗೆಯವು ಹಿತ್ತಾಳೆಗೆ ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸಿಂಕ್ರೊ ಉಂಗುರ ಕೆಲಸ ಮಾಡುವುದೇ ಘರ್ಷಣೆಯಿಂದ. ಅದು ಗೇರಿನ ಶಂಕುವಿನಾಕಾರದ ಮೈಯನ್ನು ಒತ್ತಿ ಹಿಡಿದು ಎರಡು ವೇಗಗಳನ್ನು ಸಮ ಮಾಡಬೇಕು. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತ ತಡವಾಗುತ್ತದೆ, ಚಳಿಗೆ ದಪ್ಪಗಾದರೆ ಎಣ್ಣೆಯ ಪದರ ಬೇಗ ಸರಿಯದೆ ಆಗಲೂ ತಡವಾಗುತ್ತದೆ.

ಎರಡನೇ ಗೇರೇ ಏಕೆ ಮುನಿಸಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಹಲ್ಲುಗಳ ಲೆಕ್ಕದಲ್ಲಿದೆ. ಈ ಬಾಕ್ಸಿನ ಅನುಪಾತಗಳು ಕ್ರಮವಾಗಿ 3.136, 1.888, 1.330, 1.000, 0.814. ಒಂದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 4000 ಸುತ್ತಿಗೆ ಹೋಗಿ ಎರಡಕ್ಕೆ ಹಾಕಿದರೆ ಅದೇ ವೇಗಕ್ಕೆ ಸುಮಾರು 2400 ಸುತ್ತು ಬೇಕು. 1600 ಸುತ್ತುಗಳನ್ನು ಆ ಒಂದು ಉಂಗುರ ಇಳಿಸಬೇಕು. ಎರಡರಿಂದ ಮೂರಕ್ಕಾದರೆ 4000ದಿಂದ ಸುಮಾರು 2800ಕ್ಕೆ ಇಳಿದರೆ ಸಾಕು. ಮೇಲೆ ಹೋದಂತೆ ಅಂತರ ಇನ್ನೂ ಕಡಿಮೆ. ಮನೆಯ ಹಿರಿಯ ಸೊಸೆಯ ಮೇಲೆ ಬೀಳುವ ಕೆಲಸದಂತೆ ಎಲ್ಲಕ್ಕಿಂತ ಹೆಚ್ಚಿನ ಹೊರೆ ಎರಡನೇ ಗೇರಿನ ಸಿಂಕ್ರೊ ಮೇಲೆ. ಹಾಗಾಗಿ ತಣ್ಣಗಿರುವಾಗ ಅದು ಗೊಣಗಿದರೆ, ಬಿಸಿಯಾದ ಮೇಲೆ ಸುಮ್ಮನಾದರೆ ಅದು ಕಾಯಿಲೆಯಲ್ಲ. ಮೊದಲ ಎರಡು ಮೈಲಿ ಕಡಿಮೆ ಸುತ್ತಿನಲ್ಲೇ ಬದಲಿಸಿ, ನ್ಯೂಟ್ರಲ್ಲಿನಲ್ಲಿ ಅರೆಕ್ಷಣ ನಿಲ್ಲಿಸಿ, ತಳ್ಳದೆ ಕಾಯಿರಿ.

ಎಣ್ಣೆ ಬದಲಿಸುವಾಗ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಅದು ಬಿಚ್ಚಿಕೊಳ್ಳದೆ ಇದ್ದರೆ, ಎಣ್ಣೆ ಇಳಿಸಿದ ಕಾರು ಅಲ್ಲೇ ಕೂರಬೇಕಾಗುತ್ತದೆ. ಇಳಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಗಸಿ ಇರುವುದು ಸಹಜ. ಎಣ್ಣೆಯಲ್ಲಿ ಚಿನ್ನದ ಪುಡಿಯಂತೆ ಹೊಳೆಯುವುದು ಸಿಂಕ್ರೊ ಉಂಗುರದ ಹಿತ್ತಾಳೆ. ಸ್ವಲ್ಪವಾದರೆ ವಯಸ್ಸು, ಹೆಚ್ಚಾದರೆ ಸವೆತ. ಕೈಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕಿದರೆ ಓಡಿಸುವುದನ್ನು ನಿಲ್ಲಿಸಿ, ಬಾಕ್ಸ್ ಬಿಚ್ಚುವವರನ್ನು ಹುಡುಕಿ. ತುಂಬುವಾಗ ಕಾರು ಮಟ್ಟವಾಗಿರಲಿ. ತುಂಬುವ ರಂಧ್ರದಿಂದ ಹೊರಗೆ ತುಳುಕುವವರೆಗೆ ಹಾಕಿ.

ಹೊರಗಿನ ಎರಡು ಸಂಗತಿಗಳು

ಈ ಕಾರಿನ ಗೇರ್‌ಬಾಕ್ಸಿಗೆ ತನ್ನದೇ ಆದ ಆಸರೆಯಿಲ್ಲ. ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಅಲ್ಯೂಮಿನಿಯಂ ತೊಲೆಯೊಂದು ಬೆಸೆದಿದೆ. ಇಡೀ ಸಾಲು ಮುಂದೆ ಎರಡು ಎಂಜಿನ್ ಮೌಂಟು, ಹಿಂದೆ ಡಿಫರೆನ್ಷಿಯಲ್ಲಿನ ಎರಡು ಮೌಂಟುಗಳ ಮೇಲೆ ನಿಂತಿದೆ. ಆ ರಬ್ಬರುಗಳು ಸೋತರೆ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಇಡೀ ಸಾಲು ಹೊರಳುತ್ತದೆ, ಬಾಕ್ಸಿನ ನೆತ್ತಿಯಲ್ಲಿ ಕೂತ ಲಿವರ್ ಜೊತೆಗೇ ಹೊರಳುತ್ತದೆ. ಕೈ ಹುಡುಕುವ ಕಡೆ ಗೇರ್ ಇರುವುದಿಲ್ಲ. ನಿಧಾನವಾಗಿ ಓಡಿಸುವಾಗ ಸರಿ, ಜೋರಾಗಿ ಹೋಗುವಾಗ ಮಾತ್ರ ಮೂರನೆಯದು ತಪ್ಪುತ್ತದೆ ಎನ್ನುವವರು ಇದನ್ನು ನೋಡಲೇಬೇಕು. ಇತ್ತೀಚೆಗೆ ಕ್ಲಚ್ ಬದಲಿಸಲು ಬಾಕ್ಸ್ ಇಳಿಸಿದ್ದರೆ ಆ ತೊಲೆಯನ್ನು ಮತ್ತೆ ಸರಿಯಾದ ಎತ್ತರಕ್ಕೆ ಕೂರಿಸಿದ್ದಾರೆಯೇ ಎಂದೂ ಕೇಳಿ. ತಯಾರಕರ ದುರಸ್ತಿ ಪುಸ್ತಕ ಅದನ್ನು ಅಳೆದು ಹೊಂದಿಸಲು ಹೇಳುತ್ತದೆ, ಬೋಲ್ಟ್ ಬಿಗಿದು ಬಿಟ್ಟರೆ ಸಾಲದು.

ಇನ್ನೊಂದು ನಮ್ಮ ಕೈ. ಇಲ್ಲಿಯೂ ನಮ್ಮೂರಿನಂತೆ ಎಡಗೈಯಿಂದಲೇ ಗೇರ್, ಹಾಗಾಗಿ ಅಭ್ಯಾಸಗಳೂ ಜೊತೆಗೇ ಬಂದಿವೆ. ಲಿವರಿನ ಮೇಲೆ ಕೈ ಇಟ್ಟೇ ಓಡಿಸುವುದನ್ನು ಬಿಡಿ. ಆ ಭಾರ ಗೇರನ್ನು ಸರಿಸುವ ಒಳಗಿನ ಫೋರ್ಕನ್ನು, ಅದು ಹಿಡಿದಿರುವ ತಿರುಗುವ ಬಳೆಗೆ ಸದಾ ಒತ್ತುತ್ತಿರುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಬಲಕ್ಕೆ ಎಳೆಯಬೇಡಿ. ಒಳಗಿನ ಸ್ಪ್ರಿಂಗುಗಳು ಅದನ್ನು ತಾವಾಗಿ ಮೂರು–ನಾಲ್ಕರ ಸಾಲಿಗೆ ತರುತ್ತವೆ. ತೆರೆದ ಅಂಗೈಯಿಂದ ಮುಂದಕ್ಕೆ ನೂಕಿದರೆ ಸಾಕು. ಮೂರರಿಂದ ಎರಡಕ್ಕೆ ಇಳಿಸುವಾಗ 3000 ಸುತ್ತು ಸುಮಾರು 4250 ಆಗಬೇಕು. ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ಚುಚ್ಚಿ, ಮತ್ತೆ ಕ್ಲಚ್ ಒತ್ತಿ ಇಳಿಸಿ, ಅಂದರೆ ಸೋದರಮಾವನ ಡಬಲ್ ಕ್ಲಚ್. ಆ ಹೊರೆ ಉಂಗುರದ ಮೇಲೆ ಬೀಳುವುದಿಲ್ಲ.

ಏನನ್ನು ಕೊಳ್ಳಬಾರದು

ಲಿವರಿನ ಚಲನೆಯನ್ನು ಗಿಡ್ಡ ಮಾಡುವ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಧಾರಾಳ. ಸನ್ನೆಯ ಲೆಕ್ಕ ನೋಡಿ: ಕೈ ಚಲಿಸುವ ದೂರ ಕಡಿಮೆಯಾದಷ್ಟೂ ಬೇಕಾದ ಬಲ ಹೆಚ್ಚು. ಸೋತ ಸಿಂಕ್ರೊ ಇರುವ ಬಾಕ್ಸಿಗೆ ಇದನ್ನು ಹಾಕಿದರೆ ದಣಿದ ಉಂಗುರವನ್ನು ಇನ್ನಷ್ಟು ಅವಸರಿಸಿದಂತೆ. ಮೊದಲ ತಲೆಮಾರಿನ ಈ ಲಿವರ್ ಹುಟ್ಟಿನಿಂದಲೇ ಗಿಡ್ಡ, ಅದನ್ನು ಮತ್ತೂ ಗಿಡ್ಡ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಭಾರದ ಗುಂಡು ಬೇರೆ ಮಾತು. ಲೋಹದ ಭಾರವಾದ ಗುಂಡು ಕೈಯ ಚಲನೆಗೆ ಒಂದು ಓಘ ಕೊಟ್ಟು ಸಣ್ಣ ಮುಳ್ಳುಗಳನ್ನು ಸವರಿಬಿಡುತ್ತದೆ, ಕೈಗೆ ಹಿತ. ಆದರೆ ಅದೇ ಕಾರಣಕ್ಕೆ ದೋಷವನ್ನು ಮುಚ್ಚಿಡುತ್ತದೆ. ಪರೀಕ್ಷೆಗಳನ್ನು ಮೂಲದ ಗುಂಡಿನಲ್ಲೇ ಮಾಡಿ, ಎಲ್ಲ ಮುಗಿದ ಮೇಲೆ ಬೇಕಿದ್ದರೆ ಭಾರದ್ದು ಹಾಕಿಕೊಳ್ಳಿ.

ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಜಿಗಿಯುತ್ತಿದ್ದರೆ, ಅಥವಾ ಬಿಸಿಯಲ್ಲೂ ನಿಧಾನಕ್ಕೂ ಒಂದು ಗೇರ್ ಕರ್ರ್ ಎನ್ನುತ್ತಲೇ ಇದ್ದರೆ, ಮೇಲಿನ ಯಾವುದರಿಂದಲೂ ಗುಣವಾಗುವುದಿಲ್ಲ. ಹಲ್ಲಿನ ಅಂಚು, ಫೋರ್ಕ್, ಗೇರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗ್ ಸವೆದಿವೆ, ಬಾಕ್ಸ್ ಬಿಚ್ಚಲೇಬೇಕು. ಆ ತೀರ್ಪಿಗೆ ಬರುವ ಹಕ್ಕು ಇಷ್ಟೆಲ್ಲ ಪರೀಕ್ಷೆಗಳ ನಂತರವೇ.

ಕೆಲಸ ಮುಗಿದ ಮೇಲೆ ಅದೇ ಪುಸ್ತಕ ತೆರೆದು, ಅದೇ ರಸ್ತೆಯಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ಮೊದಲಿನ ಪರೀಕ್ಷೆಗಳನ್ನೇ ಮತ್ತೆ ಮಾಡಿ ಪಕ್ಕದಲ್ಲಿ ಬರೆಯಿರಿ. ನನ್ನದರಲ್ಲಿ ಈಗ ಹೀಗಿದೆ: ರಿವರ್ಸ್, ಸದ್ದಿಲ್ಲ. ಲಿವರಿನ ತೂಗಾಟ, ಇಲ್ಲ. ಎರಡನೇ ಗೇರ್, ಹಿಮ ಬಿದ್ದ ಬೆಳಗಿನಲ್ಲಿ ಮೊದಲ ಒಂದು ಮೈಲಿ ಸ್ವಲ್ಪ ಬಿಗಿ, ಆಮೇಲೆ ಸಲೀಸು. ಒಂದು ತಿಂಗಳಾದ ಮೇಲೆ ಸ್ಲೇವಿನ ಟೋಪಿಯ ಅಂಚನ್ನು ಇನ್ನೊಮ್ಮೆ ಎತ್ತಿ, ಎಣ್ಣೆಯ ಎರಡೂ ಪ್ಲಗ್ಗುಗಳ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಕಾಗದ ಒಣಗಿದ್ದರೆ ಕಾರನ್ನು ಸ್ಟ್ಯಾಂಡಿನಿಂದ ಇಳಿಸಬಹುದು.